ಕೀಳಬ್ಯಾಡ, ಚಿವುಟು

ನಮ್ಮೂರ ಹೆಸರು ಕೇಳಿದ ಹೊಸಬರು ಒಮ್ಮೆ ನಕ್ಕೇ ನಗುತ್ತಾರೆ. ತೆಲುಗಿನಲ್ಲಿ ‘ಮೊಗುಡು’ ಅಂದರೆ ಗಂಡ. ನಮ್ಮದು ಮೊಗುಡಂಪಲ್ಲಿ. ‘ಏನ್ರೀ, ಗಂಡಂದಿರ ಊರಿನವರು’ ಎಂದು ಮನ್ನಾಎಖೆಳ್ಳಿ ಕಡೆಯ ಬೀಗರು ಚೇಷ್ಟೆ ಮಾಡುವುದುಂಟು. ಊರ ಹೆಸರು ಏನೇ ಇರಲಿ, ನಮ್ಮ ಮನೆಯ ತಪ್ಪಲ ಪಲ್ಯದ ಮಡಿಯಲ್ಲಿ ಗಂಡನ ಮಾತು ನಡೆಯುವುದಿಲ್ಲ. ಒಂದು ಸಲ ನಡೆಸಲು ಹೋಗಿದ್ದೆ. ಅದರ ಫಲ ಏನಾಯಿತು, ಅದರಿಂದ ನಾನು ಕಲಿತದ್ದೇನು ಎಂಬುದನ್ನೇ ಈ ವಾರ ಹೇಳಬೇಕೆಂದಿದ್ದೇನೆ.

ನನ್ನ ಅವ್ವ ಮನ್ನಾಎಖೆಳ್ಳಿ ಕಡೆಯವಳು, ಕನ್ನಡದವಳು. ಅಪ್ಪ ತೆಲುಗಿನವನು. ನಾನು ಓದಿದ್ದು ಸೋದರಮಾವನ ಮನೆಯಲ್ಲಿ ಇದ್ದುಕೊಂಡು, ಅದೂ ಎಸ್ಸೆಸ್ಸೆಲ್ಸಿ ತನಕ ಮಾತ್ರ. ಆಮೇಲೆ ನೇಗಿಲು ಹಿಡಿದೆ. ರಾತ್ರಿ ಹೊತ್ತು ಎರಡೂ ಭಾಷೆಗಳಲ್ಲಿ ನಾಲ್ಕು ಸಾಲು ಗೀಚುವ ಚಟ ಮಾತ್ರ ಉಳಿದುಬಂತು. ಹೆಂಡತಿ ನಾರಾಯಣಖೇಡ ಕಡೆಯವಳು. ಹೀಗಾಗಿ ನಮ್ಮ ಮನೆಯಲ್ಲಿ ರೊಟ್ಟಿ ಕನ್ನಡದಲ್ಲಿ ಬೇಯುತ್ತದೆ, ಪಪ್ಪು ತೆಲುಗಿನಲ್ಲಿ ಕುದಿಯುತ್ತದೆ.

ಇದೇನೂ ನಮ್ಮ ಮನೆಯೊಂದರ ಕಥೆಯಲ್ಲ. 1956ರ ನವೆಂಬರ್ 1ರ ತನಕ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಾದಾಗ ಜಹೀರಾಬಾದಿನ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದದ್ದು ಆಂಧ್ರಕ್ಕೆ ಹೋಯಿತು. ನಾವು ಮೆದಕ್ ಜಿಲ್ಲೆಯವರಾದೆವು, 2014ರಲ್ಲಿ ತೆಲಂಗಾಣದವರಾದೆವು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯವರಾದೆವು. ಅದೇ ವರ್ಷ ಮೊಗುಡಂಪಲ್ಲಿ ಮಂಡಲ ಕೇಂದ್ರವೂ ಆಯಿತು. ಇಷ್ಟೆಲ್ಲ ಗೆರೆ ಎಳೆದರೂ ಪುಂಡಿಪಲ್ಯಕ್ಕೆ ಗಡಿ ಗೊತ್ತಾಗಲಿಲ್ಲ. ಆ ಕಡೆ ಅದು ಪುಂಡಿ, ಈ ಕಡೆ ಪುಂಟಿಕೂರ, ಕರಾವಳಿ ಆಂಧ್ರದವರಿಗೆ ಗೋಂಗೂರ, ಉರ್ದು-ಮರಾಠಿಯವರಿಗೆ ಅಂಬಾಡಿ. ಹುಳಿ ಮಾತ್ರ ಒಂದೇ.

ನಾನು ಮಾಡಿದ ತಪ್ಪು

ನಮ್ಮ ಬಾವಿಯ ಬದಿಗೆ ಎರಡು ಗುಂಟೆ ಜಾಗ ಪಲ್ಯಕ್ಕೆಂದೇ ಬಿಟ್ಟಿದ್ದೇವೆ. ಅವ್ವನ ಕಾಲದಿಂದಲೂ ಅದು ಹೆಂಗಸರ ಹೊಲ. ಕಬ್ಬಿನ ಬಿಲ್ಲು, ತೊಗರಿಯ ಪಟ್ಟಿ ನನ್ನ ಕೈಗೆ ಬರುತ್ತವೆ, ಬಂದ ಹಾಗೆಯೇ ಸಾಲಕ್ಕೂ ಗೊಬ್ಬರದ ಅಂಗಡಿಗೂ ಹೋಗುತ್ತವೆ. ಪಲ್ಯದ ಹಣ ಮಾತ್ರ ಹೆಂಡತಿಯದು. ಎಣ್ಣೆ, ಸಾಬೂನು, ಗುಳಿಗೆ, ಆಗ ಬೀದರಿನಲ್ಲಿ ಓದುತ್ತಿದ್ದ ಮಗಳ ಬಸ್ಸಿನ ಖರ್ಚು, ಎಲ್ಲವೂ ಅದರಲ್ಲೇ.

ಅವಳ ಲೆಕ್ಕಾಚಾರ ಸರಳ. ಎರಡು ಗುಂಟೆಯನ್ನು ನಾಲ್ಕು ಪಾಲು ಮಾಡಿ ಪಾಲಕ ಹಾಕುತ್ತಿದ್ದಳು. ನಾಲ್ಕು ದಿನಕ್ಕೊಂದು ಪಾಲು ಕೊಯ್ಯುವುದು. ನಾಲ್ಕನೆಯ ಪಾಲು ಮುಗಿಯುವ ಹೊತ್ತಿಗೆ, ಅಂದರೆ ಹದಿನಾರನೆಯ ದಿನಕ್ಕೆ, ಮೊದಲನೆಯದು ಮತ್ತೆ ಮೊಣಕೈ ಉದ್ದ ಚಿಗುರಿರುತ್ತಿತ್ತು. ಪ್ರತಿ ಸಲಕ್ಕೆ ಸುಮಾರು 60 ಕಟ್ಟು. ಕಟ್ಟಿಗೆ 4 ರೂಪಾಯಿ ಹಿಡಿದರೂ 240 ರೂಪಾಯಿ. ನಾಲ್ಕು ದಿನಕ್ಕೊಮ್ಮೆ ತಪ್ಪದೆ ಬರುವ ರೊಕ್ಕ. ಮಗಳು ಹಳೆಯ ನೋಟುಬುಕ್ಕಿನಲ್ಲಿ ಅದನ್ನೆಲ್ಲ ಬರೆದಿಡುತ್ತಿದ್ದಳು.

2018ರ ಚಳಿಗಾಲ. ಎಳ್ಳಮವಾಸ್ಯೆಗೆ ಇನ್ನೂ ಮೂರು ವಾರವಿತ್ತು. ಪಾಲಕ ಒಂದು ಕೊಯ್ಲು ಮುಗಿಸಿ ಮತ್ತೆ ಹಸಿರು ತುಂಬಿ ನಿಂತಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಹೆದ್ದಾರಿಯ ಕಡೆಯಿಂದ ಟೆಂಪೋ ತಂದ ಬೇಪಾರಿಯೊಬ್ಬ ಮಡಿ ನೋಡಿ ನಿಂತ. ‘ಪಟೇಲಾ, ಬೇರು ಸಮೇತ ಕೊಟ್ಟರೆ ಕಟ್ಟಿಗೆ ಆರು ರೂಪಾಯಿ. ಬೇರು ಇದ್ದರೆ ಹೈದರಾಬಾದ್ ಮುಟ್ಟೋ ತನಕ ಬಾಡೋದಿಲ್ಲ. ಎಲ್ಲಾ ಇವತ್ತೇ ಬೇಕು’ ಅಂದ. ಆರು ರೂಪಾಯಿ! ನಾಲ್ಕಕ್ಕಿಂತ ಆರು ದೊಡ್ಡದು ಎಂಬಷ್ಟು ಲೆಕ್ಕ ನನಗೂ ಬರುತ್ತದೆ. ಇಬ್ಬರು ಆಳು ಕರೆದು ಸಂಜೆಯೊಳಗೆ ನಾಲ್ಕೂ ಪಾಲು ಕಿತ್ತುಹಾಕಿಸಿದೆ. 450 ಕಟ್ಟು ಆಯಿತು. 2,700 ರೂಪಾಯಿ ಎಣಿಸಿ ಕಿಸೆಗೆ ಹಾಕಿಕೊಂಡಾಗ ದೊಡ್ಡ ವ್ಯಾಪಾರ ಮಾಡಿದವನ ಹಾಗೆ ಮೀಸೆ ತಿರುವಿದ್ದೆ.

ಮರುದಿನ ಹೆಂಡತಿ ಬಂದಳು. ಬಾವಿಯ ಕಡೆ ಹೋದವಳು ಬರಿ ಮಣ್ಣು ನೋಡಿ ಅಲ್ಲಿಂದಲೇ ಕೂಗಿದಳು: ‘ಏಮಯ್ಯಾ, ಅನ್ನೀ ಪೀಕೇಸಿನವಾ?’ ಎಲ್ಲಾ ಕಿತ್ತುಬಿಟ್ಟೆಯಾ ಎಂದು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೋಟುಬುಕ್ಕು ತೆರೆದು ನೋಡಿದೆ. ಹಿಂದಿನ ವರ್ಷ ಅದೇ ಜಾಗದಲ್ಲಿ ಐದು ಕೊಯ್ಲು. ಒಂದು ಸುತ್ತಿಗೆ 240 ಕಟ್ಟು, 960 ರೂಪಾಯಿ. ಉಳಿದ ನಾಲ್ಕು ಸುತ್ತಿಗೆ 3,840 ರೂಪಾಯಿ ಬರಬೇಕಿತ್ತು. ನಾನು ತಂದದ್ದು 2,700. ಅದರಲ್ಲಿ ಎರಡು ಆಳಿನ ಕೂಲಿ ಹೋಯಿತು. ಮತ್ತೆ ಬೀಜ ತಂದು ಬಿತ್ತಿ ಮೊದಲ ಕೊಯ್ಲು ಬರಲು ಐದಾರು ವಾರ. ಆ ಐದಾರು ವಾರ ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ 240 ರೂಪಾಯಿ ಇಲ್ಲ. ನನ್ನ 2,700 ಎಲ್ಲಿ ಹೋಯಿತು ಅಂತೀರಾ? ಅಷ್ಟೊತ್ತಿಗೆ ಗೊಬ್ಬರದ ಅಂಗಡಿಯಲ್ಲಿತ್ತು.

ಕಡೆಗೆ ಎಳ್ಳಮವಾಸ್ಯೆ ಬಂತು. ನಮ್ಮ ಕಡೆ ಆ ದಿನ ಹೊಲದಲ್ಲಿ ಭಜ್ಜಿ ಆಗಲೇಬೇಕು. ಸಿಕ್ಕ ತಪ್ಪಲು, ಸಿಕ್ಕ ಕಾಯಿ, ಹಸಿ ಕಾಳು ಎಲ್ಲಾ ಕೂಡಿಸಿ ಕುದಿಸಿ, ಸಜ್ಜೆ ರೊಟ್ಟಿಯ ಜೊತೆ ಉಣ್ಣುವ ಹಬ್ಬ. ಅಂಥ ದಿನ ಪಲ್ಯ ಬೆಳೆಯುವವನ ಹೆಂಡತಿ ಸಂತೆಗೆ ಹೋಗಿ, ದುಪ್ಪಟ್ಟು ಬೆಲೆ ಕೊಟ್ಟು ಪಾಲಕ ತಂದಳು. ಆ ವಾರ ಮಗಳ ಬಸ್ಸಿನ ರೊಕ್ಕಕ್ಕೆ ಓಣಿಯಲ್ಲಿ ಕೈಗಡ ಮಾಡಿದ್ದಳೆಂದು ನನಗೆ ಗೊತ್ತಾದದ್ದು ಬಹಳ ದಿನದ ಮೇಲೆ.

ಆಗ ಅವ್ವನ ಮಾತು ನೆನಪಾಯಿತು. ನಾನು ಹುಡುಗನಿದ್ದಾಗ ಪುಂಡಿ ಗಿಡವನ್ನು ಬೇರು ಸಮೇತ ಎಳೆದರೆ ಅವಳು ಕೈಮೇಲೆ ಮೆಲ್ಲಗೆ ಹೊಡೆದು, ‘ಕೀಳಬ್ಯಾಡ ತಮ್ಮಾ, ಚಿವುಟು’ ಅನ್ನುತ್ತಿದ್ದಳು. ಅಪ್ಪನೂ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದ: ‘ಪೀಕಕು ಬಿಡ್ಡಾ, ತುಂಚು’. ಎರಡು ಭಾಷೆಯಲ್ಲಿ ಹೇಳಿದರೂ ನನ್ನ ತಲೆಗೆ ಹೋಗಿರಲಿಲ್ಲ.

ಎರಡು ಜಾತಿ, ಎರಡು ರೀತಿ

ಆ ವರ್ಷದಿಂದ ನಾನು ಹೆಂಡತಿಯ ಹಿಂದೆ ನಿಂತು ಕೊಯ್ಯುವುದನ್ನು ಕಲಿತೆ. ಕೃಷಿ ಇಲಾಖೆಯ ಮೇಳಗಳಲ್ಲಿ ಕೇಳಿದೆ, ಸಿಕ್ಕ ಪುಸ್ತಕ ಓದಿದೆ. ಒಂದು ಸಂಗತಿ ಸ್ಪಷ್ಟವಾಯಿತು. ‘ಚಿವುಟು’ ಎಂಬುದು ಒಂದೇ ಮಾತಾದರೂ ಎಲ್ಲಾ ಗಿಡಕ್ಕೂ ಒಂದೇ ರೀತಿಯಲ್ಲ. ಕೆಲವು ಗಿಡಗಳ ಸುಳಿಯನ್ನು ಕಾಯಬೇಕು. ಕೆಲವು ಗಿಡಗಳ ಕುಡಿಯನ್ನೇ ಚಿವುಟಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಮಡಿ ಹಾಳು.

ಮೊದಲನೆಯದು ಪಾಲಕ, ಚುಕ್ಕಾ ಪಲ್ಯದಂಥವು. ಇವುಗಳಿಗೆ ಮೇಲಕ್ಕೇರುವ ಕಾಂಡ ಇರುವುದಿಲ್ಲ. ಎಲೆಗಳೆಲ್ಲ ನೆಲದ ಮಟ್ಟದಲ್ಲಿ ಒಂದೇ ಗಂಟಿನಿಂದ ಸುತ್ತಲೂ ಹೊರಡುತ್ತವೆ. ಹೊಸ ಎಲೆ ಹುಟ್ಟುವ ಸುಳಿ ಆ ಗಂಟಿನ ನಡುವೆ ಇರುತ್ತದೆ. ಕುಡಗೋಲನ್ನು ನೆಲಕ್ಕೆ ತಾಗಿಸಿ ಎಳೆದರೆ ಸುಳಿಯೂ ಹೋಯಿತು, ಗಿಡವೂ ಹೋಯಿತು. ಆದ್ದರಿಂದ ನೆಲದಿಂದ ಎರಡು ಬೆರಳಿನಷ್ಟು, ಅಂದರೆ ಮೂರು-ನಾಲ್ಕು ಸೆಂಟಿಮೀಟರ್ ಮೇಲೆ ಕೊಯ್ಯಬೇಕು. ಬಿತ್ತಿದ 35-40 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 15-20 ದಿನಕ್ಕೊಂದು. ಚಳಿಗಾಲದಲ್ಲಿ ಐದಾರು ಕೊಯ್ಲು ಧಾರಾಳವಾಗಿ ಬರುತ್ತದೆ. ಬೇಸಿಗೆಯಲ್ಲಿ ಅಷ್ಟು ಬಾರದು. ಬಿಸಿಲಿಗೆ ಪಾಲಕ ಬೇಗ ದಂಟು ಎತ್ತಿ ಹೂವಿಗೆ ನಡೆಯುತ್ತದೆ.

ಮನೆ ಮಟ್ಟಿಗೆ ಬೆಳೆಯುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಪೂರ್ತಿ ಕೊಯ್ಯದೆ ಹೊರಗಿನ ದೊಡ್ಡ ಎಲೆಗಳನ್ನಷ್ಟೇ ಬಿಡಿಸಿಕೊಂಡು ಒಳಗಿನ ನಾಲ್ಕೈದು ಎಳೆ ಎಲೆಗಳನ್ನು ಬಿಡುವುದು. ಎಲೆಯೇ ಗಿಡದ ಅಡಿಗೆಮನೆ. ಒಲೆಯನ್ನೇ ಹೊತ್ತೊಯ್ದರೆ ಗಿಡ ಬೇರಿನಲ್ಲಿ ಕೂಡಿಟ್ಟದ್ದನ್ನು ತಿಂದು ಮತ್ತೆ ಎದ್ದೇಳಬೇಕು. ನಾಲ್ಕು ಎಲೆ ಬಿಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ.

ಈಗ ಹೈದರಾಬಾದ್, ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ‘ಕೇಲ್’ ಎಂಬ ಹೊಸ ಪಲ್ಯ ಬಂದಿದೆ. ಮಗಳು ಅದರ ಬೀಜ ತಂದುಕೊಟ್ಟಳು. ನಮ್ಮ ಕೋಬಿಯ ಅಣ್ಣತಮ್ಮನೇ ಅದು. ಕೋಬಿ, ಹೂಕೋಸು, ನವಿಲುಕೋಸು, ಕೇಲ್ ಎಲ್ಲಾ ಒಂದೇ ಜಾತಿಯ ಸಸ್ಯ. ಕೋಬಿ ಎಲೆ ಮಡಚಿಕೊಂಡು ಗಡ್ಡೆಯಾಗುತ್ತದೆ, ಕೇಲ್ ಮಡಚುವುದಿಲ್ಲ. ಕಾಶ್ಮೀರದವರು ದಿನವೂ ಉಣ್ಣುವ ‘ಹಾಕ್’ ಪಲ್ಯವೂ ಇದೇ ಬಳಗದ್ದು. ಅಕ್ಟೋಬರಿನಲ್ಲಿ ಅಗೆ ಹಾಕಿ, ನವೆಂಬರಿನಲ್ಲಿ ಒಂದು ಡಜನ್ ಸಸಿ ನಾಟಿ ಮಾಡಿದೆವು. ಇದಕ್ಕೆ ಒಂದೇ ದಂಟು, ತುದಿಯಲ್ಲಿ ಸುಳಿ. ಕೆಳಗಿನಿಂದ ಶುರುಮಾಡಿ ವಾರಕ್ಕೆ ಗಿಡಕ್ಕೆ ಎರಡು-ಮೂರು ಎಲೆ ಕೆಳಕ್ಕೆ ಬಗ್ಗಿಸಿ ಮುರಿದುಕೊಳ್ಳುವುದು. ತುದಿಯ ಐದಾರು ಎಲೆ ಮುಟ್ಟಬಾರದು. ಗಿಡ ತೆಂಗಿನ ಹಾಗೆ ಮೇಲಕ್ಕೇರುತ್ತಾ ಹೋಗುತ್ತದೆ. ಹಳದಿ ತಿರುಗಿದ ಕೆಳಗಿನ ಎಲೆಯನ್ನು ತಿನ್ನದಿದ್ದರೂ ಕಿತ್ತು ಹಾಕಬೇಕು, ಇಲ್ಲದಿದ್ದರೆ ರೋಗಕ್ಕೆ ಮನೆ ಕೊಟ್ಟಂತೆ. ನಮ್ಮಲ್ಲಿ ಚಳಿ ಇರುವ ತನಕ ಚೆನ್ನಾಗಿತ್ತು. ಮಾರ್ಚಿನ ಬಿಸಿಲಿಗೆ ಎಲೆ ಒರಟಾಯಿತು, ಹೇನು ಹತ್ತಿತು. ಹೆಂಡತಿ ತೊಗರಿಬೇಳೆ ಹಾಕಿ ಪಪ್ಪು ಮಾಡಿ, ‘ಕೋಬಿಯ ಹೊರಗಿನ ಎಲೆ ಇದ್ದಂಗ ಅದ’ ಎಂದು ತೀರ್ಪು ಕೊಟ್ಟಳು.

ಕುಡಿ ಚಿವುಟಿದರೆ ಕೈ ತುಂಬ

ಎರಡನೆಯ ಜಾತಿ ಪುಂಡಿ, ಹರಿವೆ, ಬಸಳೆಯಂಥವು. ಇವಕ್ಕೆ ಕಾಂಡ ಉಂಟು, ಕಾಂಡದುದ್ದಕ್ಕೂ ಪ್ರತಿ ಎಲೆಯ ಕಂಕುಳಲ್ಲಿ ಒಂದೊಂದು ಮೊಗ್ಗು ಮಲಗಿರುತ್ತದೆ. ಅದನ್ನು ಏಳಗೊಡದೆ ಇಟ್ಟಿರುವುದು ತುದಿಯ ಕುಡಿ. ಕುಡಿಯಲ್ಲಿ ಹುಟ್ಟುವ ‘ಆಕ್ಸಿನ್’ ಎಂಬ ರಸ ಕೆಳಗಿಳಿದು, ‘ನಾನಿದ್ದೇನೆ, ನೀವು ಸುಮ್ಮನಿರಿ’ ಎಂದು ಪಕ್ಕದ ಮೊಗ್ಗುಗಳಿಗೆ ಹೇಳುತ್ತದೆಯಂತೆ. ಯಜಮಾನ ಊರು ಬಿಟ್ಟರೆ ತಮ್ಮಂದಿರು ತಲೆ ಎತ್ತುವ ಹಾಗೆ, ಕುಡಿ ಚಿವುಟಿದ ಕೂಡಲೆ ಎರಡು-ನಾಲ್ಕು ಪಕ್ಕದ ಕವಲು ಹೊರಡುತ್ತವೆ. ಅವನ್ನೂ ಚಿವುಟಿದರೆ ಒಂದೊಂದಕ್ಕೆ ಮತ್ತೆ ಎರಡು. ಹೀಗೆ ಒಂಟಿ ಕೋಲಿನ ಗಿಡ ಪೊದೆಯಾಗುತ್ತದೆ.

ಪುಂಡಿಯನ್ನು ಮೃಗಶಿರ ಮಳೆಗೆ ಬಿತ್ತುತ್ತೇವೆ. ಮೊಣಕಾಲ ಕೆಳಗೆ, ಒಂದಡಿ ಎತ್ತರ ಬಂದಾಗ ಮೊದಲ ಕುಡಿ ಚಿವುಟಬೇಕು. ‘ಇನ್ನೂ ಸಣ್ಣದು, ಬೆಳೀಲಿ’ ಎಂದು ಬಿಟ್ಟರೆ ಕಾಂಡ ಕಟ್ಟಿಗೆಯಾಗಿ ಕವಲು ಕಡಿಮೆಯಾಗುತ್ತದೆ. ಆಮೇಲೆ ಹತ್ತು-ಹನ್ನೆರಡು ದಿನಕ್ಕೊಮ್ಮೆ ಗೇಣುದ್ದದ ಎಳೆ ತುದಿ ಕೊಯ್ಯುತ್ತಾ ಹೋಗಬಹುದು. ಪ್ರತಿ ಕವಲಿನಲ್ಲೂ ಎರಡು ಎಲೆಯ ಗಂಟು ಉಳಿಸುವುದು ಮಾತ್ರ ಮರೆಯಬಾರದು. ಆ ಗಂಟಿನಿಂದಲೇ ಮುಂದಿನ ಕೊಯ್ಲು.

ದಸರೆ ಹತ್ತಿರವಾದರೆ ಏನು ಮಾಡಿದರೂ ಪುಂಡಿಯ ಎಲೆ ಸಣ್ಣದಾಗಿ ಮೊಗ್ಗು ಬರುತ್ತದೆ. ನೀರು ಕಡಿಮೆಯಾಯಿತೇನೋ, ಗೊಬ್ಬರ ಸಾಲದೇನೋ ಎಂದು ಕೆಲವರು ಯೂರಿಯಾ ಸುರಿಯುತ್ತಾರೆ. ಅದು ಗೊಬ್ಬರದ ಮಾತಲ್ಲ. ಹಗಲು ಸಣ್ಣದಾದೊಡನೆ ಹೂ ಬಿಡುವುದು ಆ ಗಿಡದ ಗುಣ. ಆಗ ಸೋತೆನೆಂದು ಒಪ್ಪಿಕೊಂಡು ಆ ಜಾಗಕ್ಕೆ ಪಾಲಕ, ಮೆಂತ್ಯ ಹಾಕುವುದೇ ಜಾಣತನ.

ಇನ್ನೊಂದು ಮಾತು. ಜೋಳ, ತೊಗರಿಯ ಹೊಲದಲ್ಲಿ ಅಕ್ಕಡಿ ಸಾಲಿಗೆ ಹಾಕಿದ ಪುಂಡಿಯನ್ನು ಹಿಂದೆ ನಾರಿಗೂ ಬಳಸುತ್ತಿದ್ದೆವು. ಅಪ್ಪ ಅದರಿಂದ ಎತ್ತಿನ ಹಗ್ಗ ಹೊಸೆಯುತ್ತಿದ್ದ. ನಾರಿಗೆ ಬೇಕಾದ ಗಿಡದ ಕುಡಿ ಮುಟ್ಟಬಾರದು, ಕವಲೊಡೆದರೆ ನಾರು ತುಂಡಾಗುತ್ತದೆ. ಹೀಗಾಗಿ ಅವ್ವನಿಗೂ ಅಪ್ಪನಿಗೂ ಪುಂಡಿಯ ಸಾಲುಗಳು ಪಾಲಾಗಿದ್ದವು: ಮನೆ ಕಡೆಯವು ಅವ್ವನ ಉಗುರಿಗೆ, ಆಚೆಯವು ಅಪ್ಪನ ಹಗ್ಗಕ್ಕೆ.

ಹರಿವೆಯಲ್ಲಿ ಬೀಜ ಕೊಳ್ಳುವಾಗಲೇ ಎಚ್ಚರ ಬೇಕು. ಕೆಲವು ತಳಿಗಳು ಕೀಳಲಿಕ್ಕೆಂದೇ ಇರುವವು, ಕೆಲವು ಕೊಯ್ಯಲಿಕ್ಕೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’, ‘ಅರ್ಕಾ ಅರುಣಿಮಾ’ ಪದೇಪದೇ ಕೊಯ್ಯುವ ತಳಿಗಳು. ಸುಗುಣದಲ್ಲಿ 25-30 ದಿನಕ್ಕೆ ಮೊದಲ ಕೊಯ್ಲು, 90 ದಿನದಲ್ಲಿ ಐದಾರು ಕೊಯ್ಲು. ಅದೇ ಸಂಸ್ಥೆಯ ‘ಅರ್ಕಾ ಸಂರಕ್ಷ’, ‘ಅರ್ಕಾ ವರ್ಣ’ ಬೇರು ಸಮೇತ ಕೀಳುವ ತಳಿಗಳು. ಕೀಳುವ ತಳಿ ತಂದು ಕೊಯ್ಯಲು ಹೋದರೂ ನಷ್ಟ, ಕೊಯ್ಯುವ ತಳಿ ತಂದು ಕಿತ್ತರೂ ನಷ್ಟ. ಅಂಗಡಿಯವನನ್ನು ಕೇಳಿ, ಪಾಕೀಟು ಓದಿ.

ಕೀಳುವುದೇ ಸರಿ ಎಂಬ ಸಂದರ್ಭ

ಕೀಳುವುದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಸಾದಾ ಮೆಂತ್ಯವನ್ನು ಮೂರು-ನಾಲ್ಕು ವಾರಕ್ಕೆ ಕಿತ್ತು ಮಾರುವುದೇ ವಾಡಿಕೆ. ಹಿಂದೆಯೇ ಬೇರೆ ಬೆಳೆಗೆ ಜಾಗ ಬೇಕಿದ್ದರೂ ಕೀಳಬೇಕು. ದಂಟು ಎತ್ತಿದ ಪಾಲಕವನ್ನು ಇಟ್ಟುಕೊಂಡು ನೀರು ಹಾಯಿಸುವುದು ದಂಡ. ಒತ್ತಾಗಿ ಬಿದ್ದ ಮಡಿಯಲ್ಲಿ ಮೊದಲು ನಡುನಡುವೆ ಕಿತ್ತು ಎಳೆ ಪಲ್ಯವೆಂದು ಮಾರಿ, ಉಳಿದದ್ದನ್ನು ಗೇಣಿಗೊಂದರಂತೆ ಬಿಟ್ಟು ಕೊಯ್ಲಿಗೆ ಇಟ್ಟುಕೊಂಡರೆ ಎರಡೂ ಲಾಭ. ಬೇಪಾರಿಗಳಿಗೂ ನಾನು ಹೇಳುವುದು ಇಷ್ಟೇ: ಬೇರಿನ ಕಟ್ಟು ಬೇಕೇ ಬೇಕೆಂದರೆ ಬಿತ್ತುವ ಮೊದಲೇ ಹೇಳಿ, ಅದಕ್ಕೆಂದೇ ಒಂದು ಮಡಿ ಹಾಕಿಕೊಡುತ್ತೇವೆ. ಚಿಗುರುವ ಮಡಿಗೆ ಕೈ ಹಾಕಬೇಡಿ.

ಕೊಯ್ದ ಮೇಲಿನ ಕೆಲಸ

ಕೊಯ್ಲು ಎಷ್ಟು ಸಲ ಬರುತ್ತದೆ ಎಂಬುದು ಕೊಯ್ದ ಮೇಲೆ ಏನು ಮಾಡುತ್ತೀರಿ ಎಂಬುದರ ಮೇಲಿದೆ. ಕುಡಗೋಲು ಹರಿತವಾಗಿರಬೇಕು. ಮೊಂಡು ಕುಡಗೋಲು ದಂಟನ್ನು ಜಜ್ಜುತ್ತದೆ, ಜಜ್ಜಿದಲ್ಲಿ ಕೊಳೆ ಹತ್ತುತ್ತದೆ. ಎಲೆಯ ಮೇಲೆ ಚುಕ್ಕೆ ರೋಗ ಕಂಡ ಮಡಿಯನ್ನು ಕೊನೆಗೆ ಕೊಯ್ದು, ಕುಡಗೋಲು ತೊಳೆದು ಒರೆಸಿಡಬೇಕು. ಎಲೆ ತೊಪ್ಪೆಯಾಗಿ ಒದ್ದೆ ಇರುವಾಗ ಮಡಿಯಲ್ಲಿ ಓಡಾಡಿದರೆ ರೋಗವನ್ನು ನಾವೇ ಹಂಚಿದಂತೆ.

ಕೊಯ್ದ ಮರುದಿನ ಖುರ್ಪಿಯಿಂದ ಮೇಲುಮಣ್ಣು ಸಡಿಲಿಸಿ, ಕಳೆ ತೆಗೆದು, ಗೊಬ್ಬರ ಕೊಟ್ಟು ನೀರು ಹಾಯಿಸಬೇಕು. ಪ್ರತಿ ಕೊಯ್ಲಿನ ಜೊತೆಗೆ ಮಣ್ಣಿನ ಸಾರಜನಕವೂ ಸಂತೆಗೆ ಹೋಗುತ್ತದೆ. ಅದನ್ನು ತಿರುಗಿ ಕೊಡದೆ ‘ಚಿಗುರು, ಚಿಗುರು’ ಅಂದರೆ ಯಾವ ಗಿಡ ಚಿಗುರೀತು? ಯೂರಿಯಾ ಹಾಕುವವರು ಒಂದೇ ಸಲ ಸುರಿಯದೆ ಕೊಯ್ಲಿಗೆ ಇಷ್ಟಿಷ್ಟು ಎಂದು ಹಂಚಿ ಹಾಕುವುದು ಲೇಸು. ನಾವು ಜೀವಾಮೃತ ಕೊಡುತ್ತೇವೆ. ಎಕರೆಗೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಹೊಲದ ಮಣ್ಣು, 200 ಲೀಟರ್ ನೀರು. ನಮ್ಮ ಎರಡು ಗುಂಟೆಗೆ ಅದರಲ್ಲಿ ಇಪ್ಪತ್ತನೇ ಒಂದು ಪಾಲು, ಅಂದರೆ ಒಂದು ಬಕೆಟ್ಟು ಸಾಕು.

ಔಷಧಿಯ ವಿಷಯ. ನಾಲ್ಕು ದಿನಕ್ಕೊಮ್ಮೆ ಕೊಯ್ಯುವ ಪಲ್ಯಕ್ಕೆ ವಿಷ ಹೊಡೆದರೆ ಅದು ನೇರ ಉಣ್ಣುವವರ ಗಂಗಾಳಕ್ಕೇ ಹೋಗುತ್ತದೆ. ಔಷಧಿ ಡಬ್ಬಿಯ ಮೇಲೆ ಕೊಯ್ಲಿಗೆ ಮುನ್ನ ಇಷ್ಟು ದಿನ ಬಿಡಬೇಕು ಎಂದು ಬರೆದಿರುತ್ತದೆ. ಅಷ್ಟು ದಿನ ನಾವು ಬಿಡುವುದೇ ಇಲ್ಲವಲ್ಲ! ಹುಳು ಬಿದ್ದ ಎಲೆ ಆರಿಸಿ ದನಕ್ಕೆ ಹಾಕಿ, ಬೇವಿನ ಬೀಜದ ಕಷಾಯ ಹೊಡೆದು ಸುಮ್ಮನಾಗುವುದು ಒಳ್ಳೆಯದು.

ಮಾರಾಟಕ್ಕೆ ಹೋಗುವ ಪಲ್ಯವನ್ನು ಬಿಸಿಲು ಇಳಿದ ಮೇಲೆ ಸಂಜೆ ಕೊಯ್ಯಬೇಕು, ಇಲ್ಲವೇ ಬೆಳಗಿನ ಇಬ್ಬನಿ ಆರಿದೊಡನೆ. ಒದ್ದೆ ಗೋಣಿತಟ್ಟಿನಲ್ಲಿ ಸಡಿಲವಾಗಿ ಸುತ್ತಬೇಕು, ಬಿಗಿದು ಕಟ್ಟಿದರೆ ಒಳಗೇ ಬೆಂದುಹೋಗುತ್ತದೆ. ಬೇರಿಲ್ಲದ ಕಟ್ಟು ಬಾಡುತ್ತದೆ ಎಂಬ ಬೇಪಾರಿಗಳ ತಕರಾರಿಗೆ ನಾವು ಕಂಡುಕೊಂಡ ಉತ್ತರ ಇದೇ ಗೋಣಿತಟ್ಟು.

ಬೀಜದ ಬಗ್ಗೆಯೂ ಒಂದು ಮಾತು. ಕೊಯ್ದು ಕೊಯ್ದು ಬಳಲಿದ ಗಿಡವನ್ನೇ ಕಡೆಗೆ ಬೀಜಕ್ಕೆ ಬಿಡುವ ರೂಢಿ ಹಲವರಲ್ಲಿದೆ. ಅದಕ್ಕಿಂತ ಕೆಟ್ಟದ್ದು, ಎಲ್ಲಕ್ಕಿಂತ ಮೊದಲು ದಂಟು ಎತ್ತಿದ ಪಾಲಕದ ಬೀಜ ಹಿಡಿಯುವುದು. ಬೇಗ ಹೂ ಬಿಡುವ ಗಿಡದ ಮಕ್ಕಳೂ ಬೇಗ ಹೂ ಬಿಡುತ್ತವೆ. ಮಡಿಯಲ್ಲಿ ಕೊನೆಯ ತನಕ ಎಲೆ ಕೊಟ್ಟು ತಡವಾಗಿ ಹೂವಿಗೆ ಬಂದ ನಾಲ್ಕು ಗಿಡಗಳಿಗೆ ದಾರ ಕಟ್ಟಿ ಬೀಜಕ್ಕೆ ಬಿಡಿ. ಅಂಥ ಬೀಜವೇ ಹೆಚ್ಚು ಕೊಯ್ಲಿನ ಬೀಜ.

ಬಿತ್ತದೆ ಬರುವ ಪಲ್ಯ

ಚಿವುಟುವ ಈ ವಿದ್ಯೆ ನಮ್ಮ ಸೀಮೆಯ ಹೆಂಗಸರಿಗೆ ಬಂದದ್ದು ಬಿತ್ತಿದ ಪಲ್ಯದಿಂದಲ್ಲ, ಬಿತ್ತದೆ ಬರುವ ಪಲ್ಯದಿಂದ ಎಂದು ನನ್ನ ಎಣಿಕೆ. ಮಳೆ ಬಿದ್ದರೆ ಜೋಳದ ಸಾಲಿನ ನಡುವೆ ಹಕ್ಕರಕಿ, ಗೋಳಿ, ಚೆಂಚಲಿ, ತುಮ್ಮಿ ತಾವಾಗಿ ಏಳುತ್ತವೆ. ಕಳೆ ತೆಗೆಯುವಾಗ ಅವ್ವ ಇವನ್ನು ಬುಡದಿಂದ ಎತ್ತುತ್ತಿರಲಿಲ್ಲ. ಎಳೆ ತುದಿ ಸೆರಗಿಗೆ, ಬುಡ ಹೊಲಕ್ಕೆ. ಮುಂದಿನ ವಾರ ಮತ್ತೆ ಅದೇ ಗಿಡ ಅದೇ ಸೆರಗಿಗೆ.

ಇಲ್ಲಿಗೆ ಸಮೀಪದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಈ ತಿಳಿವಳಿಕೆಗೆ ಬೆಲೆ ತಂದವು. 1983ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಬಿತ್ತದೆ ಬರುವ ಪಲ್ಯವೂ ಬೆಳೆಯೇ, ಕಳೆನಾಶಕ ಹೊಡೆದರೆ ಬಡವರ ಊಟವನ್ನೇ ಸುಟ್ಟಂತೆ ಎಂಬುದು ಅವರ ವಾದ. ಅವರೇ ನಡೆಸುವ ಮಾಚನೂರಿನ ‘ಸಂಘಂ ರೇಡಿಯೋ’ 2008ರಲ್ಲಿ ಆರಂಭವಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಹೆಂಗಸರ ಸಂಸ್ಥೆಗೆ ಬಂತು. ಇದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. ತೆಲುಗು ಸೀಮೆಯ ಸಜ್ಜೆ-ನವಣೆಗಾಗಿ ಬದುಕು ಸವೆಸಿದ ಆ ಹಿರಿಯರು 2023ರ ಮಾರ್ಚ್‌ನಲ್ಲಿ ತೀರಿಕೊಂಡರು.

ವಾರ ದೂಡುವ ಎಲೆ

ಆಫ್ರಿಕಾದ ಕೀನ್ಯಾ ದೇಶದಲ್ಲಿ ಕೇಲ್ ಜಾತಿಯ ಪಲ್ಯಕ್ಕೆ ‘ಸುಕುಮಾ ವಿಕಿ’ ಅನ್ನುತ್ತಾರಂತೆ. ಸ್ವಾಹಿಲಿ ಭಾಷೆಯಲ್ಲಿ ಅದರ ಅರ್ಥ ‘ವಾರ ದೂಡು’. ಕೆಳಗಿನ ಎಲೆ ಕಿತ್ತಷ್ಟೂ ತುದಿ ಚಿಗುರುತ್ತದೆ, ಕೈಯಲ್ಲಿ ರೊಕ್ಕ ಇಲ್ಲದ ಮನೆಯನ್ನು ಸಂಬಳದ ದಿನದವರೆಗೆ ದೂಡಿಕೊಂಡು ಹೋಗುತ್ತದೆ. ಈ ಹೆಸರು ಓದಿದ ದಿನ ಹೆಂಡತಿಗೆ ಹೇಳಿದೆ. ಅವಳು ಪುಂಡಿ ಸೋಸುತ್ತಾ, ‘ಆ ಊರಲ್ಲಿಯೂ ಗಂಡಸರ ಕೈಯಾಗ ಕಬ್ಬಿನ ಬಿಲ್ಲೇ ಇರಬೇಕು’ ಅಂದಳು. ನಾನು ಮುಂದೆ ಮಾತಾಡಲಿಲ್ಲ.

ಬರೆಯುವವನಿಗೆ ಶಬ್ದಗಳ ಮೇಲೆ ಕಣ್ಣು. ಕನ್ನಡದಲ್ಲಿ ಕೀಳು, ತೆಲುಗಿನಲ್ಲಿ ಪೀಕು. ಕನ್ನಡದಲ್ಲಿ ಚಿವುಟು, ತೆಲುಗಿನಲ್ಲಿ ತುಂಚು. ಇವು ಬೇರೆಬೇರೆ. ಆದರೆ ‘ಕೊಯ್ಯಿ’ ಅಂದರೆ ಎರಡೂ ಕಡೆ ತಿಳಿಯುತ್ತದೆ. ‘ಚಿಗುರು’ ಎಂಬುದಂತೂ ಎರಡೂ ಕಡೆ ಅದೇ ಮಾತು, ಅದೇ ಅರ್ಥ. ಕೀಳುವುದರಲ್ಲಿ ಭಾಷೆ ಬೇರೆಯಾದರೂ ಚಿಗುರುವುದರಲ್ಲಿ ಒಂದೇ ಆಗಿದ್ದೇವೆ ಎಂದು ಗಡಿಯಲ್ಲಿ ಕೂತ ನನಗೆ ಸಮಾಧಾನ.

2019ರ ಚಳಿಗಾಲದಿಂದ ನಮ್ಮ ಎರಡು ಗುಂಟೆ ಮತ್ತೆ ನಾಲ್ಕು ಪಾಲು. ಮಗಳು ಓದು ಮುಗಿಸಿ ಈಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಳೆ. ಬಸ್ಸಿನ ರೊಕ್ಕದ ಚಿಂತೆ ಇಲ್ಲ. ಆದರೂ ಪಲ್ಯದ ನೋಟುಬುಕ್ಕು ನಿಂತಿಲ್ಲ. ಅದನ್ನು ಬರೆಯುವ ಕೆಲಸ ಈಗ ನನ್ನದು. ಹೆಂಡತಿ ಎಣಿಸಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಕಳೆದ ಎಳ್ಳಮವಾಸ್ಯೆಯ ಹಿಂದಿನ ದಿನ ಇನ್ನೊಬ್ಬ ಬೇಪಾರಿ ಬಂದು ಮಡಿ ನೋಡಿ, ‘ಪಟೇಲಾ, ಎಲ್ಲಾ ಒಮ್ಮೆಗೇ ಕೊಡ್ತೀರೇನು?’ ಎಂದು ಕೇಳಿದ. ನಾನು ಹೆಂಡತಿಯ ಕಡೆ ಕೈ ತೋರಿಸಿದೆ. ಅವಳು ಕುಡಗೋಲು ತೋರಿಸಿ, ‘ಇದರಿಂದ ಬಂದಷ್ಟು ಒಯ್ಯಿ. ಬೇರು ನಮ್ಮದು’ ಅಂದಳು.

ಆತ 60 ಕಟ್ಟು ಒಯ್ದ. ಹಬ್ಬ ಮುಗಿದು ಹದಿನಾರನೆಯ ದಿನಕ್ಕೆ ಅದೇ ಪಾಲಿಗೆ ಮತ್ತೆ ಬಂದ.